18 ಮತ್ತು 29 ಡಿಗ್ರಿಗಳ ನಡುವೆ: ಕಲಬುರಗಿಯ ಬಿಸಿಲಿನಲ್ಲಿ ನಾಚ್ ಸಂಕೇತವನ್ನು ಓದುವ ಕೆಲಸ

ಹಣ್ಣಿನ ನೊಣದ ಮರಿಹುಳುವಿನಲ್ಲಿ ಒಂದು ಜೀನನ್ನು ಬೇಕಾದ ಜಾಗದಲ್ಲಿ, ಬೇಕಾದ ದಿನ ಸುಮ್ಮನಾಗಿಸಲು ನಾವು ಬಳಸುವ ಕೀಲಿ ತಾಪಮಾನ. 18 ಡಿಗ್ರಿಯಲ್ಲಿ ಅದು ಮುಚ್ಚಿರುತ್ತದೆ, 29ರಲ್ಲಿ ತೆರೆಯುತ್ತದೆ. ಕಲಬುರಗಿಯಲ್ಲಿ ಏಪ್ರಿಲ್ ಬಂತೆಂದರೆ ಹೊರಗೆ 40 ದಾಟುತ್ತದೆ, ಕಲ್ಲಿನ ಕಟ್ಟಡದ ಕೋಣೆ ರಾತ್ರಿ ಹತ್ತಕ್ಕೂ 34–35ರಲ್ಲೇ ಕುದಿಯುತ್ತಿರುತ್ತದೆ. ಇಂಥಲ್ಲಿ ಈ ಪ್ರಯೋಗಕ್ಕೆ ಇಳಿಯುವವರು ಮೊದಲು ಒಪ್ಪಿಕೊಳ್ಳಬೇಕಾದ ಮಾತು ಒಂದಿದೆ: ತಾಪಮಾನವೂ ಒಂದು ರಾಸಾಯನಿಕವೇ. ಎಷ್ಟು ಹಾಕಿದೆವು, ಎಷ್ಟು ಹೊತ್ತು ಹಾಕಿದೆವು ಎಂದು ನೋಟ್‌ಬುಕ್ಕಿನಲ್ಲಿ ಬರೆದಿಡದಿದ್ದರೆ ಕೊನೆಗೆ ಕಾಣುವ ಬಣ್ಣ ಜೀನಿನದೋ ಬಿಸಿಲಿನದೋ ಹೇಳಲಾಗದು. ನಾಚ್ ಎಂಬ ಜೀನನ್ನು ಹೀಗೆ ಕುಗ್ಗಿಸಿ ನೋಡುವ ಕೆಲಸವನ್ನು ಇಲ್ಲಿನ ಪುಟ್ಟ ಪ್ರಯೋಗಾಲಯದಲ್ಲಿ, ಫ್ಲೋರೆಸೆನ್ಸ್ ಇಲ್ಲದ ಸಾಧಾರಣ ಮೈಕ್ರೋಸ್ಕೋಪಿನಲ್ಲಿ ಮಾಡುವ ಬಗೆಯನ್ನು ಮೊಟ್ಟೆಯಿಂದ ಸ್ಲೈಡಿನವರೆಗೆ ಬರೆಯುತ್ತಿದ್ದೇವೆ.

ಮೊದಲು, ಏನನ್ನು ನೋಡುತ್ತಿದ್ದೇವೆ ಎಂಬುದು. ಮರಿಹುಳುವಿನ ಮೈಯೊಳಗೆ ಮುಂದೆ ರೆಕ್ಕೆಯಾಗುವ ಭಾಗ ಚಪ್ಪಟೆ ಚೀಲದಂತೆ ಮಡಚಿಕೊಂಡು ಕೂತಿರುತ್ತದೆ. ಇದೇ ರೆಕ್ಕೆ ಡಿಸ್ಕ್. ಸುಮಾರು 30–50 ಜೀವಕೋಶಗಳಿಂದ ಶುರುವಾಗಿ ಮರಿಹುಳುವಿನ ಮೂರನೇ, ಅಂದರೆ ಕಡೆಯ ಹಂತದ ಕೊನೆಗೆ ಅದು 30,000ದಿಂದ 50,000ದವರೆಗೆ ಬೆಳೆದಿರುತ್ತದೆ. ಡಿಸ್ಕಿನಲ್ಲಿ ಬೆನ್ನಿನ ಬದಿಗೂ ಹೊಟ್ಟೆಯ ಬದಿಗೂ ನಡುವೆ ಒಂದು ಗಡಿ ಹಾದುಹೋಗುತ್ತದೆ. ಪೂರ್ಣ ರೆಕ್ಕೆಯ ಅಂಚು ಆಗುವುದು ಈ ಗಡಿಯೇ. ಅಲ್ಲಿನ ಜೀವಕೋಶಗಳ ಪೊರೆಯ ಮೇಲೆ ನಾಚ್ ಎಂಬ ಗ್ರಾಹಕ ಪ್ರೋಟೀನು, ಪಕ್ಕದ ಜೀವಕೋಶದ ಪೊರೆಯ ಮೇಲೆ ಡೆಲ್ಟಾ ಅಥವಾ ಸೆರೇಟ್. ಇವು ಒಂದನ್ನೊಂದು ಹಿಡಿದಾಗ ನಾಚ್ ಎರಡು ಸಲ ತುಂಡಾಗುತ್ತದೆ. ಮೊದಲು ಹೊರಗಡೆ ಕುಜ್ಬೇನಿಯನ್ ಎಂಬ ಕಿಣ್ವ ಕತ್ತರಿಸುತ್ತದೆ, ಆಮೇಲೆ ಪೊರೆಯೊಳಗೇ ಪ್ರೆಸೆನಿಲಿನ್ ಇರುವ ಗಾಮಾ ಸೆಕ್ರೆಟೇಸ್ ಕತ್ತರಿಸುತ್ತದೆ. ಕಳಚಿಕೊಂಡ ಒಳತುಂಡು ನೇರವಾಗಿ ನ್ಯೂಕ್ಲಿಯಸ್ಸಿಗೆ ಹೋಗುತ್ತದೆ.

ಅಲ್ಲಿ ಅದಕ್ಕಾಗಿ ಡಿಎನ್‌ಎ ಮೇಲೆ ಕಾದು ಕೂತಿರುವುದು ಸಪ್ರೆಸರ್ ಆಫ್ ಹೇರ್‌ಲೆಸ್ ಎಂಬ ಪ್ರೋಟೀನು. ಸಂಕೇತ ಬರದ ಹೊತ್ತಿನಲ್ಲಿ ಇದೇ ಪ್ರೋಟೀನು ಹೇರ್‌ಲೆಸ್, ಗ್ರೌಚೋ ಮೊದಲಾದವುಗಳ ಜತೆ ಸೇರಿ ಜೀನನ್ನು ಅದುಮಿ ಹಿಡಿದಿರುತ್ತದೆ. ನಾಚ್‌ನ ಒಳತುಂಡು ಬಂದು ಮಾಸ್ಟರ್‌ಮೈಂಡ್ ಜತೆಗೂಡಿದ ಕೂಡಲೇ ಅದೇ ಜಾಗದಲ್ಲಿ ಅದುಮುವ ಗುಂಪು ಹೋಗಿ ಎಬ್ಬಿಸುವ ಗುಂಪು ನಿಲ್ಲುತ್ತದೆ. ಈ ಮಾರ್ಗದ ವಿಶೇಷವನ್ನು ಚೆನ್ನಾಗಿ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಬೇರೆ ಹಲವು ಸಂಕೇತ ಮಾರ್ಗಗಳಲ್ಲಿ ಒಂದು ಅಣು ನೂರನ್ನು, ನೂರು ಸಾವಿರವನ್ನು ಚುರುಕುಗೊಳಿಸುತ್ತ ಹೋಗುತ್ತವೆ. ನಾಚ್‌ನಲ್ಲಿ ಅಂಥ ಹಿಗ್ಗುವಿಕೆ ಇಲ್ಲ. ಒಂದು ಗ್ರಾಹಕ ಒಂದೇ ಸಲ ಬಳಕೆಯಾಗಿ ಮುಗಿಯುತ್ತದೆ. ಆದ್ದರಿಂದಲೇ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೂ ಹೆಣ್ಣು ನೊಣದ ರೆಕ್ಕೆಯ ತುದಿ ಕಚ್ಚು ಬಿದ್ದು ಹುಟ್ಟುತ್ತದೆ. ನೂರು ವರ್ಷದ ಹಿಂದೆ ಅಮೆರಿಕದ ತಳಿವಿಜ್ಞಾನಿ ಟಿ.ಎಚ್. ಮಾರ್ಗನ್ ಅವರ ತಂಡ ಈ ಜೀನನ್ನು ಗುರುತಿಸಿದ್ದೂ ಆ ಕಚ್ಚಿನಿಂದಲೇ. ಪ್ರಮಾಣಕ್ಕೆ ಇಷ್ಟು ಸೂಕ್ಷ್ಮವಾದ ಮಾರ್ಗವನ್ನು ಅಳೆಯುವಾಗ ಒಂದೆರಡು ಡಿಗ್ರಿಯ ಏರುಪೇರೂ ಫಲಿತಾಂಶದಲ್ಲಿ ಕಾಣಿಸಿಕೊಳ್ಳುತ್ತದೆ.

ಗಡಿಯಲ್ಲಿ ನಾಚ್ ಎಬ್ಬಿಸುವ ಜೀನುಗಳಲ್ಲಿ ನಮಗೆ ಬೇಕಾದವು ಎರಡು, ವಿಂಗ್‌ಲೆಸ್ ಮತ್ತು ವೆಸ್ಟಿಜಿಯಲ್. ವೆಸ್ಟಿಜಿಯಲ್‌ನಷ್ಟು ಸೊಗಸಾಗಿ ಜೀನ್ ನಿಯಂತ್ರಣವನ್ನು ಕಲಿಸುವ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ. ಈ ಜೀನಿನ ಒಳಗೆ, ಅದರ ಇಂಟ್ರಾನುಗಳಲ್ಲಿ (ಪ್ರೋಟೀನಿನ ಸೂಚನೆಯಿಲ್ಲದ ನಡುತುಂಡುಗಳಲ್ಲಿ), ಎರಡು ಬೇರೆ ಬೇರೆ ಎನ್ಹಾನ್ಸರ್‌ಗಳಿವೆ, ಅಂದರೆ ಜೀನ್ ಎಲ್ಲಿ ಓಡಬೇಕೆಂದು ಹೇಳುವ ಡಿಎನ್‌ಎ ತುಂಡುಗಳು. ಎರಡನೇ ಇಂಟ್ರಾನಿನಲ್ಲಿರುವ ಸುಮಾರು 750 ಅಕ್ಷರಗಳ ತುಂಡು ಗಡಿ ಎನ್ಹಾನ್ಸರ್. ಇದು ನಾಚ್ ಮಾತನ್ನು ಕೇಳುತ್ತದೆ, ಗಡಿಯುದ್ದಕ್ಕೂ ತೆಳು ಗೆರೆಯಾಗಿ ಹೊತ್ತಿಕೊಳ್ಳುತ್ತದೆ. ಅದರಲ್ಲಿ ಸಪ್ರೆಸರ್ ಆಫ್ ಹೇರ್‌ಲೆಸ್ ಕೂರುವ ಒಂದೇ ಒಂದು ತಾಣವನ್ನು ಕೆಡಿಸಿದರೆ ಗೆರೆ ಮಾಯ. ನಾಲ್ಕನೇ ಇಂಟ್ರಾನಿನಲ್ಲಿರುವುದು ಚತುರ್ಭಾಗ ಎನ್ಹಾನ್ಸರ್. ಅದಕ್ಕೆ ಡಿಪಿಪಿ ಎಂಬ ಇನ್ನೊಂದು ಪ್ರೋಟೀನಿನ ಸಂಕೇತ ಬೇಕು: ಡಿಪಿಪಿ ಬಂದು ಗ್ರಾಹಕವನ್ನು ಮುಟ್ಟಿದಾಗ ಮ್ಯಾಡ್ ಎಂಬ ಪ್ರೋಟೀನಿಗೆ ಫಾಸ್ಫೇಟ್ ಅಂಟುತ್ತದೆ, ಅದು ಮೀಡಿಯಾ ಎಂಬ ಜತೆಗಾರನೊಂದಿಗೆ ನ್ಯೂಕ್ಲಿಯಸ್ಸಿಗೆ ಹೋಗಿ ಈ ತುಂಡಿನ ಮೇಲೆ ಕೂರುತ್ತದೆ. ಗಡಿಯ ಗೆರೆ ಬಿಟ್ಟು ಉಳಿದ ನಾಲ್ಕು ಪಾಲುಗಳಲ್ಲಿ ಇದು ಬೆಳಗುತ್ತದೆ. ಜೀನ್ ಒಂದೇ, ಪ್ರೋಟೀನು ಒಂದೇ. ಆದರೆ ಯಾವ ಜೀವಕೋಶದಲ್ಲಿ ಯಾವ ಮಾರ್ಗದ ಮಾತನ್ನು ಕೇಳಬೇಕು ಎಂಬುದನ್ನು ಡಿಎನ್‌ಎಯ ಈ ತುಂಡುಗಳು ತೀರ್ಮಾನಿಸುತ್ತವೆ. ಸಂಕೇತ ಮಾರ್ಗ ಅಂದರೆ ನೇರ ತಂತಿ, ಒಂದು ತುದಿ ಒತ್ತಿದರೆ ಇನ್ನೊಂದು ತುದಿಯಲ್ಲಿ ಗಂಟೆ ಬಾರಿಸುತ್ತದೆ ಎಂದು ಪಠ್ಯದ ಚಿತ್ರ ನೋಡಿ ತಿಳಿದುಕೊಂಡ ವಿದ್ಯಾರ್ಥಿಗೆ ಈ ಎರಡು ಎನ್ಹಾನ್ಸರ್‌ಗಳ ಡಿಸ್ಕುಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಬೇಕು.

ವಿಂಗ್‌ಲೆಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಈ ಜೀನ್ ಕೆಟ್ಟ ರೆಕ್ಕೆಯಿಲ್ಲದ ನೊಣವನ್ನು ಮೊದಲು ಕಂಡು 1973ರಲ್ಲಿ ವರದಿ ಮಾಡಿದವರು ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಆರ್.ಪಿ. ಶರ್ಮಾ. 1976ರಲ್ಲಿ ಶರ್ಮಾ ಮತ್ತು ವಿ.ಎಲ್. ಚೋಪ್ರಾ ಅದರ ವಿವರವಾದ ಅಧ್ಯಯನ ಪ್ರಕಟಿಸಿದರು. ಇವತ್ತು ಕ್ಯಾನ್ಸರ್ ಸಂಶೋಧನೆಯಲ್ಲಿ ಎಲ್ಲೆಲ್ಲೂ ಕೇಳಿಬರುವ ಡಬ್ಲ್ಯುಎನ್‌ಟಿ ಎಂಬ ಹೆಸರಿನ ಅರ್ಧ ಭಾಗ ಈ ನೊಣದಿಂದ ಬಂದದ್ದು. ನಮ್ಮ ದೇಶದ ನೆಲದಲ್ಲಿ ಸಿಕ್ಕ ರೆಕ್ಕೆಯಿಲ್ಲದ ನೊಣ ಎಂಬುದನ್ನು ಇಲ್ಲಿನ ಮಕ್ಕಳಿಗೆ ಹೆಮ್ಮೆಯಿಂದಲೇ ಹೇಳುತ್ತೇವೆ.

ಈಗ ಕೀಲಿಯ ವಿಷಯ. ಗಾಲ್4 ಯೀಸ್ಟಿನ ಪ್ರೋಟೀನು. ಅದು ಯುಎಎಸ್ ಎಂಬ ಡಿಎನ್‌ಎ ತುಂಡನ್ನು ಹಿಡಿದು ಅದರ ಮುಂದಿರುವ ಜೀನನ್ನು ಓಡಿಸುತ್ತದೆ. 1993ರಲ್ಲಿ ಆಂಡ್ರಿಯಾ ಬ್ರಾಂಡ್ ಮತ್ತು ನಾರ್ಬರ್ಟ್ ಪೆರಿಮನ್ ಇದನ್ನು ನೊಣದಲ್ಲಿ ಎರಡು ತಳಿಗಳ ಆಟವಾಗಿ ರೂಪಿಸಿದರು: ಒಂದು ತಳಿಯಲ್ಲಿ ಗಾಲ್4, ಇನ್ನೊಂದರಲ್ಲಿ ಯುಎಎಸ್, ಎರಡನ್ನೂ ಕೂಡಿಸಿದಾಗ ಮರಿಗಳಲ್ಲಿ ಮಾತ್ರ ಕೆಲಸ ಶುರು. ಗಾಲ್80 ಎಂಬ ಇನ್ನೊಂದು ಯೀಸ್ಟ್ ಪ್ರೋಟೀನು ಗಾಲ್4ನ್ನು ತಡೆಹಿಡಿಯುತ್ತದೆ. ಅದರ ತಾಪಸೂಕ್ಷ್ಮ ರೂಪವೇ ನಮ್ಮ ಕೀಲಿ. 18ರಲ್ಲಿ ತಡೆ ಪೂರ್ತಿ, 29ರಲ್ಲಿ ತಡೆ ಇಲ್ಲ. ನಡುವೆ 25ರಲ್ಲಿ ಅರೆಬರೆ, ಸೋರುತ್ತದೆ.

ನಾವು ಕೂಡಿಸುವುದು ಹೀಗೆ: ಎನ್‌ಗ್ರೇಲ್ಡ್-ಗಾಲ್4, ತಾಪಸೂಕ್ಷ್ಮ ಗಾಲ್80 ಮತ್ತು ಗಡಿ ಎನ್ಹಾನ್ಸರ್-ಲ್ಯಾಕ್‌ಝಡ್ ಇರುವ ಹೆಣ್ಣುಗಳು, ಯುಎಎಸ್-ನಾಚ್ ಆರ್‌ಎನ್‌ಎಐ ಇರುವ ಗಂಡುಗಳು. ಲ್ಯಾಕ್‌ಝಡ್ ಎಂದರೆ ನೀಲಿ ಬಣ್ಣ ಬರಿಸುವ ಬೀಟಾ ಗ್ಯಾಲಕ್ಟೋಸಿಡೇಸ್ ಕಿಣ್ವದ ಜೀನು, ಆರ್‌ಎನ್‌ಎಐ ಎಂದರೆ ಒಂದು ಜೀನಿನ ಆರ್‌ಎನ್‌ಎಯನ್ನು ಕತ್ತರಿಸಿ ಅದನ್ನು ಸುಮ್ಮನಾಗಿಸುವ ಉಪಾಯ. ಎನ್‌ಗ್ರೇಲ್ಡ್ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಅದು ಡಿಸ್ಕಿನ ಹಿಂದಿನ ಅರ್ಧದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ಅದೇ ಡಿಸ್ಕಿನ ಮುಂದಿನ ಅರ್ಧ ನಮಗೆ ಹೋಲಿಕೆಗೆ ಸಿಗುತ್ತದೆ. ಒಂದೇ ಮರಿಹುಳು, ಒಂದೇ ಆಹಾರ, ಒಂದೇ ಬಣ್ಣದ ದ್ರಾವಣ. ತಾಪಮಾನ ಸ್ಥಿರವಾಗಿಡುವುದು ಕಷ್ಟವಾದ ಊರಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇಲ್ಲ. ಗಾಲ್80 ಇಲ್ಲದೆ ಇದೇ ಜೋಡಿಯನ್ನು ಕೂಡಿಸಿದರೆ ಭ್ರೂಣದಿಂದಲೇ ನಾಚ್ ಕುಗ್ಗಿ ಬಹಳಷ್ಟು ಮರಿಗಳು ಡಿಸ್ಕ್ ಬೆಳೆಯುವ ಮೊದಲೇ ಸಾಯುತ್ತವೆ.

ತಳಿಗಳು ಬೆಂಗಳೂರಿನಿಂದ ಅಥವಾ ಮೈಸೂರಿನಿಂದ ಬರಬೇಕು. ಬೇಸಿಗೆಯಲ್ಲಿ ಬಸ್ಸಿನ ಡಿಕ್ಕಿಯಲ್ಲಿ ಬರುವ ಪಾರ್ಸೆಲ್ಲಿಗೆ ಒಪ್ಪಿಸಬೇಡಿ. ರಾತ್ರಿ ರೈಲಿನ ಎ.ಸಿ. ಬೋಗಿಯಲ್ಲಿ ಯಾರಾದರೂ ಕೈಯಲ್ಲಿ ಹಿಡಿದು ತರುವುದು ಉತ್ತಮ, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಜೆಲ್ ಪ್ಯಾಕ್ ಇಟ್ಟು, ಪ್ಯಾಕಿಗೂ ಬಾಟಲಿಗೂ ನಡುವೆ ಮಡಚಿದ ಟವೆಲ್ ಹಾಕಿ. ನೊಣಗಳು ಜೀವಂತವಾಗಿ ಬಂದವು ಎಂದಮಾತ್ರಕ್ಕೆ ನೆಮ್ಮದಿ ಬೇಡ. 30 ಡಿಗ್ರಿ ಮೀರಿದಲ್ಲಿ ಬೆಳೆದ ಗಂಡುಗಳು ಬಂಜೆಯಾಗುತ್ತವೆ. ಹೆಣ್ಣುಗಳು ಮೊಟ್ಟೆ ಇಡುತ್ತಲೇ ಇರುತ್ತವೆ, ಮರಿ ಮಾತ್ರ ಹೊರಬರುವುದಿಲ್ಲ. ತಳಿಯೇ ಕೆಟ್ಟಿತೆಂದು ಎಸೆಯಬಾರದು. ಕೆಲವು ದಿನ 22–25ರಲ್ಲಿಟ್ಟರೆ ಹಲವು ಗಂಡುಗಳು ಚೇತರಿಸಿಕೊಳ್ಳುತ್ತವೆ, ಮುಂದಿನ ಪೀಳಿಗೆ ಸರಿಹೋಗುತ್ತದೆ.

ಆಹಾರಕ್ಕೆ ಮೈಸೂರಿನ ನೊಣ ಪ್ರಯೋಗಾಲಯಗಳ ರೂಢಿಯಾದ ರವೆ-ಬೆಲ್ಲದ ಪಾಕವನ್ನೇ ನಾವೂ ಬಳಸುತ್ತೇವೆ. ಒಂದು ಲೀಟರ್ ನೀರಿಗೆ ಗೋಧಿ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಅಗರ್ 10 ಗ್ರಾಂ, ಪ್ರೊಪಿಯಾನಿಕ್ ಆಮ್ಲ 7.5 ಮಿಲಿ. ಬೆಲ್ಲ ಕಪ್ಪಗಿರುವುದೇ ಇರಲಿ. ಬೀದರ್ ಕಡೆಯ ಗಾಣದ ಬೆಲ್ಲ ಚೆನ್ನಾಗಿ ಒಗ್ಗುತ್ತದೆ, ಹಳದಿ ಹೊಳಪಿನ ಬೆಲ್ಲವನ್ನು ನಾವು ನಂಬುವುದಿಲ್ಲ. ಮೊದಲು ಅಗರ್ ಪೂರ್ತಿ ಕರಗಬೇಕು, ಆಮೇಲೆ ಬೆಲ್ಲದ ನೀರು ಸೋಸಿ ಹಾಕಿ, ಕೊನೆಗೆ ರವೆಯನ್ನು ತಣ್ಣೀರಲ್ಲಿ ಕಲಸಿ ಗಂಟಾಗದಂತೆ ಬಿಡುತ್ತ ತಿರುವಬೇಕು. ಆಮ್ಲ ಹಾಕುವುದು ಒಲೆಯಿಂದ ಇಳಿಸಿ 60 ಡಿಗ್ರಿಗೆ ಬಂದ ಮೇಲೆ. ಕುದಿಯುವಾಗ ಹಾಕಿದರೆ ಅದು ಹಬೆಯಲ್ಲಿ ಹಾರಿಹೋಗಿ ಮೂರನೇ ದಿನಕ್ಕೆ ಬೂಷ್ಟು ಹಿಡಿಯುತ್ತದೆ. ಬೇಸಿಗೆಯಲ್ಲಿ ಬೂಷ್ಟಿನ ಹೆದರಿಕೆಗೆ ಆಮ್ಲ ಹೆಚ್ಚು ಸುರಿಯುವವರಿದ್ದಾರೆ. ಆಗ ಮರಿಹುಳುಗಳು ಬದುಕುತ್ತವೆ, ಆದರೆ ನಿಧಾನವಾಗಿ ಬೆಳೆಯುತ್ತವೆ. ಎಂಟನೇ ದಿನದ ಮರಿಹುಳು ಏಳನೇ ದಿನದ ಗಾತ್ರದಲ್ಲಿದ್ದರೆ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಒಂದು ಬಾಟಲಿಗೆ 50–60 ಮೊಟ್ಟೆಗಿಂತ ಹೆಚ್ಚಾದರೂ ಇದೇ ಗತಿ.

ನಮ್ಮ ಒಣಹವೆಯಲ್ಲಿ ಇನ್ನೊಂದು ತೊಂದರೆ: ಆಹಾರ ಅಂಚು ಬಿಟ್ಟು ಸಂದಿ ಮೂಡುತ್ತದೆ, ಮರಿಹುಳುಗಳು ಆ ಸಂದಿಯೊಳಗೆ ಇಳಿದು ಒಣಗುತ್ತವೆ. ಇನ್ಕ್ಯುಬೇಟರಿನೊಳಗೆ ಅಗಲ ಬಾಯಿಯ ತಟ್ಟೆಯಲ್ಲಿ ನೀರಿಟ್ಟರೆ ಸಾಕು. ಕಪಾಟಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸದಿದ್ದರೆ ಇರುವೆ ತಪ್ಪಿದ್ದಲ್ಲ. ಮಾವಿನ ಕಾಲದಲ್ಲಿ ಊರಿನ ಕಾಡುನೊಣಗಳು ಕೋಣೆಗೆ ನುಗ್ಗುತ್ತವೆ. ಹತ್ತಿಯ ಬಿರಡೆ ಸಡಿಲವಿದ್ದರೆ ತಳಿಯೊಳಗೆ ಬೆರೆಯುತ್ತವೆ, ಅದಕ್ಕೇ ತಳಿಯ ಬಾಟಲಿಗಳಲ್ಲಿ ಕಣ್ಣಿನ ಬಣ್ಣ, ರೆಕ್ಕೆಯ ಸುರುಳಿ ಮುಂತಾದ ಗುರುತುಗಳನ್ನು ಪ್ರತಿ ಸಲವೂ ನೋಡಿಯೇ ಬದಲಾಯಿಸಬೇಕು.

ಇನ್ಕ್ಯುಬೇಟರ್ ವಿಷಯಕ್ಕೆ ಬರೋಣ, ಕೆಲಸ ಉಳಿಯುವುದೂ ಕೆಡುವುದೂ ಇಲ್ಲೇ. 29 ಡಿಗ್ರಿಗೆ ಸಾಧಾರಣ ಇನ್ಕ್ಯುಬೇಟರ್ ಸಾಕು ಎಂದು ತಣ್ಣನೆಯ ಊರಿನವರು ಹೇಳುತ್ತಾರೆ. ಅದರಲ್ಲಿ ಬಿಸಿ ಮಾಡುವ ಕಾಯಿಲ್ ಇರುತ್ತದೆಯೇ ಹೊರತು ತಂಪು ಮಾಡುವ ಯಂತ್ರ ಇರುವುದಿಲ್ಲ. ಕೋಣೆಯೇ 36 ಇದ್ದಾಗ ಅದು 29ಕ್ಕೆ ಇಳಿಯುವುದು ಹೇಗೆ? ಆದ್ದರಿಂದ ಇಲ್ಲಿ 18ಕ್ಕೂ 29ಕ್ಕೂ ಬಿಸಿಯನ್ನೂ ತಂಪನ್ನೂ ಮಾಡುವ ಎರಡು ಬಿಒಡಿ ಇನ್ಕ್ಯುಬೇಟರ್‌ಗಳೇ ಬೇಕು. ಅವುಗಳನ್ನು ಗೋಡೆಯಿಂದ ಒಂದಡಿ ಮುಂದೆ ಇಡಿ, ಎದುರುಬದುರು ಇಡಬೇಡಿ. ಒಂದರ ಕಂಪ್ರೆಸರ್ ಉಗುಳುವ ಬಿಸಿಗಾಳಿ ಇನ್ನೊಂದಕ್ಕೆ ಬಡಿಯಬಾರದು. ಬಾಗಿಲಿನ ಮೇಲಿನ ಅಂಕಿಯನ್ನು ನಂಬದೆ, ನೀರು ತುಂಬಿದ ಒಂದು ಖಾಲಿ ನೊಣದ ಬಾಟಲಿಯಲ್ಲಿ ಥರ್ಮಾಮೀಟರಿನ ತುದಿ ಮುಳುಗಿಸಿ ನೊಣಗಳಿರುವ ಹಲಗೆಯ ಮೇಲೇ ಇಡಬೇಕು. ನಮಗೆ ಬೇಕಾದ್ದು ಗಾಳಿಯ ತಾಪವಲ್ಲ, ಆಹಾರದೊಳಗೆ ಹುದುಗಿರುವ ಮರಿಹುಳುವಿನ ತಾಪ. ಕನಿಷ್ಠ-ಗರಿಷ್ಠ ತೋರಿಸುವ ಥರ್ಮಾಮೀಟರ್ ಆದರೆ ರಾತ್ರಿ ನಡೆದದ್ದನ್ನೂ ಬೆಳಿಗ್ಗೆ ಓದಬಹುದು.

ಕರೆಂಟ್ ಹೋಗುವುದು ಖಂಡಿತ. “ಸರ್, ಕರೆಂಟ್ ಹೋಗ್ಯಾದ್ರಿ, ಬಾಗ್ಲಾ ತೆಗೀಲೇನ್ರಿ?” ಎಂದು ಕೇಳುವ ಹುಡುಗರಿಗೆ ನಮ್ಮ ಉತ್ತರ ಒಂದೇ: ತೆಗೆಯಬೇಡಿ. 18ರ ಪೆಟ್ಟಿಗೆಯ ತಳದಲ್ಲಿ ಯಾವಾಗಲೂ ಒಂದೊಂದು ಲೀಟರಿನ ನಾಲ್ಕು ನೀರಿನ ಬಾಟಲಿಗಳಿರಲಿ. ಬಾಗಿಲು ಮುಚ್ಚಿದ್ದರೆ ಅವು ತಂಪನ್ನು ಹಿಡಿದಿಡುತ್ತವೆ. ಕಡಿತ ಉದ್ದವಾಗುವ ಸೂಚನೆ ಸಿಕ್ಕರೆ ಜೆಲ್ ಪ್ಯಾಕುಗಳನ್ನು ಮೇಲಿನ ಹಲಗೆಗೆ ಸೇರಿಸಿ, ಬಾಟಲಿಗಳಿಗೆ ತಾಗದಂತೆ. ನೀರಿನ ಥರ್ಮಾಮೀಟರ್ 21 ದಾಟಿದ ಬ್ಯಾಚನ್ನು ನಾವು ಅಳತೆಗೆ ಸೇರಿಸುವುದಿಲ್ಲ, ತಳಿ ಮುಂದುವರಿಸಲು ಬಳಸುತ್ತೇವೆ. ಮುಖ್ಯ ಬ್ಯಾಚುಗಳನ್ನು ನವೆಂಬರಿನಿಂದ ಫೆಬ್ರುವರಿಯೊಳಗೆ ಮುಗಿಸಿಕೊಂಡು, ಬೇಸಿಗೆಯನ್ನು ಸ್ಲೈಡು ಎಣಿಸಲು, ಚಿತ್ರ ತೆಗೆಯಲು, ತಳಿ ಕಾಯಲು ಇಟ್ಟುಕೊಳ್ಳುವುದು ಇಲ್ಲಿ ಜಾಣತನ.

ನೊಣಗಳನ್ನು ಮಂಪರು ಬರಿಸಲು ಈಥರ್ ಬಳಸುವ ರೂಢಿ ಇನ್ನೂ ಹಲವು ಕಾಲೇಜುಗಳಲ್ಲಿದೆ. ಕಲಬುರಗಿಯ ಬೇಸಿಗೆಯಲ್ಲಿ ದಯವಿಟ್ಟು ಬೇಡ. ಈಥರ್ ಕುದಿಯುವುದು 34.6 ಡಿಗ್ರಿಗೆ. ನಮ್ಮ ಕೋಣೆಯ ತಾಪ ಅದಕ್ಕಿಂತ ಹೆಚ್ಚಿರುತ್ತದೆ. ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಆವಿ ಚಿಮ್ಮುತ್ತದೆ, ಹತ್ತಿರದಲ್ಲಿ ಬರ್ನರ್ ಇದ್ದರೆ ಬೆಂಕಿ. ಬದಲಿಗೆ ಟ್ರೇಯಲ್ಲಿ ಮಂಜುಗಡ್ಡೆ ಹರಡಿ, ಮೇಲೆ ಗಾಜಿನ ಪೆಟ್ರಿ ತಟ್ಟೆ, ಅದರೊಳಗೆ ಟಿಶ್ಯೂ ಕಾಗದ. ಕಾಗದ ಮರೆತರೆ ತಟ್ಟೆಯ ಬೆವರಿಗೆ ರೆಕ್ಕೆ ಅಂಟಿಕೊಂಡು ನೊಣ ಸಾಯುತ್ತದೆ.

ಕೂಡಿಸಲು ಗಂಡು ಮುಟ್ಟದ ಹೆಣ್ಣುಗಳೇ ಬೇಕು. ಹೊಟ್ಟೆಯ ಪಾರದರ್ಶಕ ಚರ್ಮದ ಹಿಂದೆ ಕಾಣುವ ಕಪ್ಪು ಚುಕ್ಕೆ, ಬಿಳಿಚಿದ ಮೈ, ಪೂರ್ತಿ ಬಿಚ್ಚದ ರೆಕ್ಕೆ ಇವು ಹೊಸದಾಗಿ ಹೊರಬಂದ ಗುರುತು. 25ರಲ್ಲಿ ಹುಟ್ಟಿ 8 ಗಂಟೆಯೊಳಗೆ, 18ರಲ್ಲಾದರೆ 16 ಗಂಟೆಯೊಳಗೆ ಬೇರ್ಪಡಿಸಿದರೆ ನಂಬಬಹುದು. ಸಂಜೆ ಬಾಟಲಿ ಖಾಲಿ ಮಾಡಿ 18ಕ್ಕೆ ಹಾಕಿದರೆ ಬೆಳಿಗ್ಗೆ ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.

40 ಹೆಣ್ಣು, 20 ಗಂಡುಗಳನ್ನು ಎರಡು ದಿನ ಯೀಸ್ಟ್ ಬಳಿದ ಆಹಾರದಲ್ಲಿ 25ರಲ್ಲಿ ಬಿಟ್ಟು, ಆಮೇಲೆ ಹೊಸ ಬಾಟಲಿಗಳಿಗೆ ಹಂಚಿ ಹಾಕಿ ರಾತ್ರಿ 12 ಗಂಟೆಗಳ ಕಾಲ 18ರಲ್ಲಿ ಮೊಟ್ಟೆ ಇಡಿಸುತ್ತೇವೆ. ಬೆಳಿಗ್ಗೆ ದೊಡ್ಡ ನೊಣಗಳನ್ನು ತೆಗೆದುಬಿಟ್ಟರೆ ದಿನದ ಲೆಕ್ಕ ಅಲ್ಲಿಂದ. 25ರಲ್ಲಿ ಒಂದು ದಿನದಲ್ಲಿ ಆಗುವ ಬೆಳವಣಿಗೆಗೆ 18ರಲ್ಲಿ ಎರಡು ದಿನ ಬೇಕು. 29ರಲ್ಲಿ ಅದೇ ಬೆಳವಣಿಗೆ 25ಕ್ಕಿಂತ ತುಸು ಬೇಗ ಮುಗಿಯುತ್ತದೆ. ಹೀಗಾಗಿ 18ರಲ್ಲಿ ಸುಮಾರು 8 ದಿನ ಬೆಳೆದ ಮರಿಹುಳುಗಳನ್ನು 24 ಗಂಟೆ 29ರಲ್ಲಿಟ್ಟರೆ ಅವು ಆಹಾರ ಬಿಟ್ಟು ಬಾಟಲಿಯ ಗೋಡೆ ಹತ್ತುವ ಹಂತಕ್ಕೆ, ಅಂದರೆ ಮೂರನೇ ಹಂತದ ಕೊನೆಗೆ ಬಂದಿರುತ್ತವೆ. 48 ಗಂಟೆ ಇಡಬೇಕೆಂದರೆ 5ನೇ ದಿನವೇ ಬದಲಾಯಿಸಬೇಕು. ಬದಲಾಯಿಸುವಾಗ ಬಾಟಲಿಯನ್ನು ಮೊದಲು ಐದು ನಿಮಿಷ 29ರ ನೀರಿನ ಬಾತಿನಲ್ಲಿ, ಆಹಾರದ ಮಟ್ಟಕ್ಕಿಂತ ಮೇಲೆ ನೀರು ಬರುವಂತೆ ನಿಲ್ಲಿಸಿ ಆಮೇಲೆ ಇನ್ಕ್ಯುಬೇಟರಿಗೆ ಇಡಬೇಕು. ನೇರ ಗಾಳಿಯಲ್ಲಿ ಆಹಾರದ ಗಡ್ಡೆ ಬಿಸಿಯಾಗಲು ತಡವಾಗುತ್ತದೆ. ಒಂದು ಬಾಟಲಿ ಬೇಗ, ಇನ್ನೊಂದು ನಿಧಾನ ಎಂದಾದರೆ ಎರಡನ್ನೂ ಹೋಲಿಸಲು ಬರುವುದಿಲ್ಲ.

29 ಮೀರಿಸಿದರೆ ಕೀಲಿ ಇನ್ನಷ್ಟು ಚೆನ್ನಾಗಿ ತೆರೆಯುತ್ತದೆ ಎಂದುಕೊಳ್ಳಬಾರದು. 1962ರಲ್ಲಿ ಇಟಲಿಯ ಫೆರೂಚೊ ರಿಟೋಸಾ ನೊಣದ ಲಾಲಾಗ್ರಂಥಿಯ ವರ್ಣತಂತುಗಳಲ್ಲಿ ಹೊಸ ಉಬ್ಬುಗಳನ್ನು ಕಂಡರು. ಇನ್ಕ್ಯುಬೇಟರಿನ ತಾಪ ಏರಿದ್ದೇ ಕಾರಣ. ಬಿಸಿಯ ಆಘಾತಕ್ಕೆ ಜೀವಕೋಶ ಕೊಡುವ ಪ್ರತಿಕ್ರಿಯೆ ಹೀಗೆ ಬೆಳಕಿಗೆ ಬಂತು. 37ರ ಹತ್ತಿರ ಹೋದಾಗ ನೊಣದ ಜೀವಕೋಶ ಹೀಟ್ ಶಾಕ್ ಪ್ರೋಟೀನುಗಳ ತಯಾರಿಕೆಗೆ ನಿಂತು ಉಳಿದ ಬಹುಪಾಲು ಜೀನುಗಳ ಕೆಲಸವನ್ನು ತಗ್ಗಿಸುತ್ತದೆ. ಇನ್ಕ್ಯುಬೇಟರಿನಿಂದ ತೆಗೆದ ಬಾಟಲಿಯನ್ನು ಮೇ ತಿಂಗಳ ಮಧ್ಯಾಹ್ನ ಕಿಟಕಿ ಬದಿಯ ಮೇಜಿನ ಮೇಲೆ ಊಟ ಮುಗಿಯುವವರೆಗೆ ಬಿಟ್ಟರೆ, ನಾಚ್ ಕಥೆ ಅಲ್ಲಿಗೇ ಹಾಳು. ಡಿಸ್ಕಿನಲ್ಲಿ ಓದುವುದು ಬಿಸಿಯ ಕಥೆಯೇ ಆಗುತ್ತದೆ.

ಮರಿಹುಳು ಸೀಳುವ ಕೆಲಸ ಕೈಗೆ ಒಗ್ಗಬೇಕಷ್ಟೆ. ಐದನೇ ನಂಬರಿನ ಚೂಪು ಚಿಮುಟ ಎರಡು, ತಣ್ಣನೆಯ ಪಿಬಿಎಸ್ (ಫಾಸ್ಫೇಟ್ ಬೆರೆಸಿದ ಉಪ್ಪುನೀರು). ಮರಿಹುಳುವನ್ನು ನಡುವಿನಲ್ಲಿ ತುಂಡರಿಸಿ, ಮುಂಭಾಗದ ಬಾಯಿಯ ಕಪ್ಪು ಕೊಕ್ಕೆಯನ್ನು ಒಂದು ಚಿಮುಟದಿಂದ ಒಳಕ್ಕೆ ನೂಕುತ್ತ ಇನ್ನೊಂದರಿಂದ ಚರ್ಮವನ್ನು ಕಾಲುಚೀಲ ಮಗುಚಿದಂತೆ ಹಿಂದಕ್ಕೆ ಎಳೆದರೆ ಡಿಸ್ಕುಗಳು ಹೊರಮೈಗೆ ಬಂದು ಅಂಟಿಕೊಂಡಿರುತ್ತವೆ. ಕೊಬ್ಬು, ಕರುಳು ತೆಗೆದು ಹಾಕಿ. ಡಿಸ್ಕನ್ನು ಈಗಲೇ ಕೀಳಬೇಡಿ, ಬಣ್ಣ ಹಾಕುವವರೆಗೂ ಚರ್ಮದ ಮೇಲೇ ಇರಲಿ. ಒಂಟಿ ಡಿಸ್ಕುಗಳು ಪ್ರತಿ ತೊಳೆಯುವಿಕೆಯಲ್ಲೂ ಕಳೆದುಹೋಗುತ್ತವೆ.

ಪಿಬಿಎಸ್‌ಗೆ ಬಟ್ಟಿಯಿಳಿಸಿದ ನೀರನ್ನೇ ಬಳಸಿ. ನಮ್ಮದು ಶಹಾಬಾದ್, ಸೇಡಂ ಕಡೆಯ ಸುಣ್ಣಕಲ್ಲಿನ ನೆಲ, ಬೋರ್‌ವೆಲ್ ನೀರು ಗಡಸು. ಅದರ ಕ್ಯಾಲ್ಸಿಯಂ ಫಾಸ್ಫೇಟಿನ ಜತೆ ಸೇರಿ ಬಿಳಿ ಮಡ್ಡಿಯಾಗಿ ಕೂರುತ್ತದೆ. ಸ್ಲೈಡಿನಲ್ಲಿ ಡಿಸ್ಕಿನ ಮೇಲೆ ಧೂಳು ಬಿದ್ದಂತೆ ಕಾಣುವುದು ಬಹಳ ಸಲ ಇದೇ.

ನೀಲಿ ಬಣ್ಣಕ್ಕೆ: ಶೇ 1 ಗ್ಲುಟರಾಲ್ಡಿಹೈಡಿನಲ್ಲಿ 10 ನಿಮಿಷ ಮಾತ್ರ ಹದಗೊಳಿಸಬೇಕು. ಅರ್ಧ ಗಂಟೆ ಬಿಟ್ಟರೆ ಕಿಣ್ವವೇ ಸತ್ತು ಬಣ್ಣ ಬರುವುದಿಲ್ಲ. ಮೂರು ಸಲ ತೊಳೆದು ಬಣ್ಣದ ದ್ರಾವಣಕ್ಕೆ. 10 ಮಿಲಿಮೋಲಾರ್ ಫಾಸ್ಫೇಟ್ ಬಫರ್ ಪಿಎಚ್ 7.2, ಉಪ್ಪು 150, ಮೆಗ್ನೀಸಿಯಂ ಕ್ಲೋರೈಡ್ 1, ಪೊಟಾಸಿಯಂ ಫೆರೋಸಯನೈಡ್ ಮತ್ತು ಫೆರಿಸಯನೈಡ್ ತಲಾ 5 ಮಿಲಿಮೋಲಾರ್, ಟ್ರೈಟನ್ ಶೇ 0.3, ಕಿಣ್ವ ಕತ್ತರಿಸಿದಾಗ ನೀಲಿಯಾಗುವ ಎಕ್ಸ್-ಗ್ಯಾಲ್ ಶೇ 0.2. ಎಕ್ಸ್-ಗ್ಯಾಲನ್ನು ಡೈಮೀಥೈಲ್ ಫಾರ್ಮಮೈಡಿನಲ್ಲಿ ಶೇ 8 ಕರಗಿಸಿ ಮೈನಸ್ 20ರಲ್ಲಿ ಕತ್ತಲಲ್ಲಿ ಇಟ್ಟಿರುತ್ತೇವೆ. ದ್ರಾವಣವನ್ನು ಮೊದಲೇ 37ಕ್ಕೆ ತಂದು ಆಮೇಲೆ ಎಕ್ಸ್-ಗ್ಯಾಲ್ ಬೆರೆಸಿ. ತಣ್ಣನೆಯದಕ್ಕೆ ಹಾಕಿದರೆ ಸೂಜಿಯಂಥ ಹರಳುಗಳು ಮೂಡಿ ಡಿಸ್ಕಿನ ಮೇಲೆಲ್ಲ ಚುಚ್ಚಿಕೊಂಡಿರುತ್ತವೆ. ಹೋಲಿಕೆಗೆಂದು ನಾಚ್ ಕುಗ್ಗಿಸದೆ ಇಟ್ಟ ಡಿಸ್ಕಿನಲ್ಲಿ ಗೆರೆ ಸ್ಪಷ್ಟವಾದ ನಿಮಿಷಕ್ಕೇ ಎಲ್ಲ ಬಾಟಲಿಗಳನ್ನೂ ಒಟ್ಟಿಗೆ ನಿಲ್ಲಿಸಬೇಕು. ಒಂದನ್ನು ರಾತ್ರಿಯಿಡೀ ಬಿಟ್ಟು ಇನ್ನೊಂದನ್ನು ಗಂಟೆಗೆ ತೆಗೆದರೆ ಹೋಲಿಕೆಗೆ ಅರ್ಥವಿಲ್ಲ.

ಇಲ್ಲಿ ಎಲ್ಲರೂ ಒಮ್ಮೆ ದಿಗಿಲುಬೀಳುತ್ತಾರೆ. 24 ಗಂಟೆ 29ರಲ್ಲಿಟ್ಟರೂ ಹಿಂದಿನ ಅರ್ಧದಲ್ಲಿ ನೀಲಿ ಗೆರೆ ಮಸುಕಾಗಿ ಉಳಿದಿರುತ್ತದೆ. ಆರ್‌ಎನ್‌ಎಐ ಕೆಲಸ ಮಾಡಿಲ್ಲ ಎಂದು ತೀರ್ಮಾನಿಸುವ ಮೊದಲು ನೆನಪಿಡಬೇಕಾದ್ದು: ಬೀಟಾ ಗ್ಯಾಲಕ್ಟೋಸಿಡೇಸ್ ಬಹಳ ಗಟ್ಟಿ ಪ್ರೋಟೀನು. ಎನ್ಹಾನ್ಸರ್ ಮಲಗಿದ ಮೇಲೂ ಅದು ಹಿಂದೆ ತಯಾರಿಸಿಟ್ಟ ಕಿಣ್ವ ಜೀವಕೋಶದಲ್ಲಿ ಉಳಿದು ಬಣ್ಣ ಕೊಡುತ್ತಲೇ ಇರುತ್ತದೆ. ನೀಲಿ ಬಣ್ಣ ಹೇಳುವುದು ಈ ಗಳಿಗೆಯ ಮಾತಲ್ಲ, ನಿನ್ನೆಯದು. ಮೇಲಾಗಿ ಆರ್‌ಎನ್‌ಎಐ ಆರ್‌ಎನ್‌ಎಯನ್ನು ಕತ್ತರಿಸುತ್ತದೆಯೇ ಹೊರತು ಪೊರೆಯ ಮೇಲೆ ಈಗಾಗಲೇ ಇರುವ ನಾಚ್ ಪ್ರೋಟೀನನ್ನು ಮುಟ್ಟುವುದಿಲ್ಲ. ಅದು ಸವೆದು ಮುಗಿಯಲೂ ಹೊತ್ತು ಬೇಕು. 48 ಗಂಟೆಗೆ ಹೋದರೆ ಗೆರೆ ಚೆನ್ನಾಗಿ ಅಳಿಸುತ್ತದೆ, ಆದರೆ ಆಗ ನಾವು 18ರ ಐದನೇ ದಿನ, ಅಂದರೆ ಎರಡನೇ ಹಂತದ ಕೊನೆಯಲ್ಲೇ ನಾಚ್ ಕುಗ್ಗಿಸಿರುತ್ತೇವೆ. ರೆಕ್ಕೆಯ ಭಾಗ ಬೆಳೆಯಲೇ ನಾಚ್ ಬೇಕಾದ ಹೊತ್ತು ಅದು. ಹಿಂದಿನ ಅರ್ಧ ಕುಗ್ಗಿ, ಇರುವ ಜೀವಕೋಶಗಳೇ ಕಡಿಮೆಯಾಗಿ, ಗೆರೆ ಇಲ್ಲದ್ದು ಸಂಕೇತ ಇಲ್ಲದ್ದರಿಂದಲೋ ಅಂಗಾಂಶವೇ ಇಲ್ಲದ್ದರಿಂದಲೋ ಎಂಬ ಗೊಂದಲ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ 24, 36 ಮತ್ತು 48 ಗಂಟೆಯ ಮೂರೂ ಬ್ಯಾಚು ಮಾಡಬೇಕು. ಒಂದೇ ಹೊತ್ತಿನ ಡಿಸ್ಕ್ ನೋಡಿ ಮಾತಾಡುವುದು ಈ ಮಾರ್ಗಕ್ಕೆ ಸಲ್ಲದು.

24 ಗಂಟೆಯ ಸತ್ಯ ತಿಳಿಯಲು ವಿಂಗ್‌ಲೆಸ್ ಪ್ರೋಟೀನನ್ನೇ ನೇರ ನೋಡುವುದು ಒಳ್ಳೆಯದು, ಅದು ಬೇಗ ಸವೆಯುತ್ತದೆ. ಶೇ 4 ಫಾರ್ಮಾಲ್ಡಿಹೈಡಿನಲ್ಲಿ 20 ನಿಮಿಷ, ಶೇ 0.3 ಟ್ರೈಟನ್ ಇರುವ ಪಿಬಿಎಸ್‌ನಲ್ಲಿ 15 ನಿಮಿಷದಂತೆ ಮೂರು ತೊಳೆತ, ಡಿಸ್ಕಿನದೇ ಪೆರಾಕ್ಸಿಡೇಸ್ ಅಡಗಿಸಲು ಶೇ 0.3 ಹೈಡ್ರೋಜನ್ ಪೆರಾಕ್ಸೈಡ್, ಮೇಕೆಯ ಸೀರಂ ಶೇ 5, ಆಮೇಲೆ 4ಡಿ4 ಎಂಬ ಇಲಿಯ ಪ್ರತಿಕಾಯ 1:50ರಂತೆ ರಾತ್ರಿಯಿಡೀ 4 ಡಿಗ್ರಿಯಲ್ಲಿ. ಇದು ಅಮೆರಿಕದ ಅಯೋವಾದ ಹೈಬ್ರಿಡೋಮಾ ಬ್ಯಾಂಕಿನಲ್ಲಿ ಸಿಗುತ್ತದೆ. ಮರುದಿನ ಪೆರಾಕ್ಸಿಡೇಸ್ ಅಂಟಿಸಿದ ಎರಡನೇ ಪ್ರತಿಕಾಯ ಎರಡು ಗಂಟೆ, ಕೊನೆಗೆ ಪೆರಾಕ್ಸಿಡೇಸ್ ಇದ್ದಲ್ಲಿ ಕಂದಾಗುವ ಡಿಎಬಿ. ಕಂದು ಬಣ್ಣ ನಿಮಿಷಗಳಲ್ಲಿ ಏಳುತ್ತದೆ, ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಬೇಡಿ. ಬೇಸಿಗೆಯ ಕೋಣೆಯಲ್ಲಿ ಇನ್ನೂ ವೇಗ, ಅದಕ್ಕೆ ತಟ್ಟೆಯನ್ನು ಮಂಜಿನ ಮೇಲಿಡುತ್ತೇವೆ. ಕೈಗವಸು ಬಿಟ್ಟು ಡಿಎಬಿ ಮುಟ್ಟಬಾರದು.

ಗಾಜಿನ ಮೇಲೆ ಶೇ 80 ಗ್ಲಿಸರಾಲ್ ಹನಿಯಲ್ಲಿ ಡಿಸ್ಕುಗಳನ್ನು ಚರ್ಮದಿಂದ ಬಿಡಿಸಿ ಹರಡುತ್ತೇವೆ. ಯಾವುದು ಹಿಂದಿನ ಅರ್ಧ ಎಂದು ಗೊತ್ತಾಗದೆ ಹೊಸಬರು ತಡವರಿಸುತ್ತಾರೆ, ಎಡ-ಬಲ ಡಿಸ್ಕುಗಳು ಕನ್ನಡಿಯ ಪ್ರತಿಬಿಂಬಗಳಲ್ಲವೆ. ಎನ್‌ಗ್ರೇಲ್ಡ್-ಲ್ಯಾಕ್‌ಝಡ್ ತಳಿಯ ಒಂದೆರಡು ಡಿಸ್ಕುಗಳಿಗೆ ಅದೇ ದಿನ ಬಣ್ಣ ಹಾಕಿ, ನಕಾಶೆಯಾಗಿ ಪಕ್ಕದಲ್ಲಿಟ್ಟುಕೊಳ್ಳಿ. ನೀಲಿಯಾದ ಭಾಗವೇ ಹಿಂದಿನ ಅರ್ಧ. ಪ್ರತಿ ಗುಂಪಿಗೆ 20 ಡಿಸ್ಕಿಗಿಂತ ಕಡಿಮೆ ಇದ್ದರೆ ನಾವು ಲೆಕ್ಕಕ್ಕೆ ಕೂರುವುದಿಲ್ಲ.

ಜತೆಗೆ ಇರಬೇಕಾದ ಗುಂಪುಗಳು: ಇದೇ ತಳಿ ಕೊನೆಯವರೆಗೂ 18ರಲ್ಲೇ ಬೆಳೆದದ್ದು. ನಾಚ್ ಬದಲು ನೊಣದಲ್ಲಿಲ್ಲದ ಜಿಎಫ್‌ಪಿ ಎಂಬ ಜೀನಿನ ಆರ್‌ಎನ್‌ಎಐ ಇಟ್ಟು 29ಕ್ಕೆ ಹೋದದ್ದು. ಗಾಲ್4 ಇಲ್ಲದೆ ನಾಚ್ ಆರ್‌ಎನ್‌ಎಐ ಮಾತ್ರ ಇದ್ದು 29ಕ್ಕೆ ಹೋದದ್ದು. ಎರಡನೆಯದು ನಮ್ಮೂರಿಗೆ ಅತಿ ಮುಖ್ಯ. ಅದರಲ್ಲಿ ಗೆರೆ ಇಡೀ ಡಿಸ್ಕಿಗೆ ಮಂಕಾಗಿದ್ದರೆ ದೋಷ ತಾಪದಲ್ಲಿದೆ, ಆ ದಿನದ ನಾಚ್ ಡಿಸ್ಕುಗಳನ್ನೂ ಪಕ್ಕಕ್ಕಿಡಬೇಕು. ಮೊದಲನೆಯದರಲ್ಲಿ ಹಿಂದಿನ ಅರ್ಧದ ಗೆರೆ ತುಂಡಾಗಿದ್ದರೆ 18ರ ಪೆಟ್ಟಿಗೆ ಎಂದೋ ಒಂದು ರಾತ್ರಿ ಬಿಸಿಯಾಗಿ ಕೀಲಿ ಸೋರಿದೆ ಎಂದರ್ಥ.

ಕೆಲವು ಬಾಟಲಿಗಳನ್ನು 24 ಗಂಟೆಯ ನಂತರ ಮತ್ತೆ 18ಕ್ಕೆ ಮರಳಿಸಿ ನೊಣ ಹುಟ್ಟುವವರೆಗೆ ಬಿಡುತ್ತೇವೆ. ರೆಕ್ಕೆ ಕಿತ್ತು ಐಸೊಪ್ರೊಪನಾಲ್‌ನಲ್ಲಿ ತೊಳೆದು ಡಿಪಿಎಕ್ಸ್ ಎಂಬ ಸ್ಲೈಡಿನ ಅಂಟಿನಲ್ಲಿ ಕೂರಿಸಿದರೆ ವರ್ಷಗಟ್ಟಲೆ ಉಳಿಯುವ ಸ್ಲೈಡು. ಮುಂದಿನ-ಹಿಂದಿನ ಭಾಗಗಳ ಗಡಿ ನಾಲ್ಕನೇ ಉದ್ದ ನರಕ್ಕೆ ತುಸು ಮುಂದೆ ಹಾದುಹೋಗುತ್ತದೆ. ಕಚ್ಚುಗಳು ಅದರ ಹಿಂದೆ ಮಾತ್ರ ಇರಬೇಕು. ಹಿಂದಿನ ಅಂಚಿನ ನವಿರು ಕೂದಲ ಸಾಲು ಅಲ್ಲಲ್ಲಿ ಕಾಣೆಯಾಗಿರುತ್ತದೆ, ಮುಂದಿನ ಅಂಚಿನ ದಪ್ಪ ಬಿರುಗೂದಲ ಸಾಲು ಅಖಂಡ. ಮುಂದಿನ ಅಂಚಿನಲ್ಲೂ ಕಚ್ಚು ಕಂಡರೆ ಆ ನೊಣದ ಬಾಟಲಿಯ ಸಂಖ್ಯೆ ಹುಡುಕಿ, ತಾಪಮಾನದ ಪುಸ್ತಕ ತೆರೆದು, ಅದು 18ರಲ್ಲಿದ್ದ ಮತ್ತು 29ರಲ್ಲಿದ್ದ ಪ್ರತಿ ದಿನದ ಕನಿಷ್ಠ-ಗರಿಷ್ಠಗಳನ್ನು ಓದಿ. ಆ ಬಾಟಲಿಯ ರೆಕ್ಕೆಗಳನ್ನು ಎಣಿಕೆಗೆ ಸೇರಿಸುವುದೋ ಬಿಡುವುದೋ ಎಂಬುದು ಅಲ್ಲೇ ಗೊತ್ತಾಗುತ್ತದೆ.